ತೂತಿಲ್ಲದ ಪುಟ್ಟ ಮೆಟ್ಟು

ಬಹಳ ಬಹಳ ಹಿಂದೆ, ಏಳು ಕಡಲಾಚೆ, ದೊಡ್ಡ ಹೊಳೆಯೊಂದರ ದಡದಲ್ಲಿ ಲೆನಾಪೆ ಜನರ ಸೀಮೆಯಿತ್ತು. ಅಲ್ಲಿ ಕರಡಿಗಳೂ ಮಾತಾಡುತ್ತಿದ್ದವು, ಮೀನುಗಳೂ ಮಾತಾಡುತ್ತಿದ್ದವು. ಆ ಸೀಮೆಯ ಹುಡುಗಿ ಅಲಾಂಕ್‌ಗೆ ಅಂಬೆಗಾಲಿಡುವ ತಮ್ಮನೊಬ್ಬನಿದ್ದ. ಮಗುವಿಗೆ ಮೂರು ನಾಲ್ಕು ವರ್ಷ ತುಂಬಿ, ಇದು ನಮ್ಮಲ್ಲೇ ಉಳಿಯುತ್ತದೆ ಎಂದು ಗಟ್ಟಿಯಾದ ಮೇಲೇ ಅಲ್ಲಿ ಹೆಸರಿಡುವುದು. ಹಾಗಾಗಿ ಅವನಿಗಿನ್ನೂ ಹೆಸರಿರಲಿಲ್ಲ.

ಅಲಾಂಕ್ ತಮ್ಮನಿಗೆ ಜಿಂಕೆಚರ್ಮದ ಮೆಟ್ಟು ಹೊಲಿದಳು. ಕೂಸಿನ ಮೆಟ್ಟಿನ ಅಡಿಗೆ ಸಣ್ಣ ತೂತು ಕೊರೆಯುವುದು ಅಲ್ಲಿನ ಪದ್ಧತಿ. ಬೇರೆ ಲೋಕದವರು ಯಾರಾದರೂ ಕರೆದರೆ, "ಮೆಟ್ಟು ತೂತಾಗಿದೆ, ದೂರ ಬರಲಾರೆ" ಎಂದು ಕೂಸು ಹೇಳಬೇಕಲ್ಲ! ಆದರೆ ಮೆಟ್ಟು ಎಷ್ಟು ಚೆಂದ ಬಂದಿತ್ತೆಂದರೆ, ತೂತು ಕೊರೆಯಲು ಹುಡುಗಿಗೆ ಮನಸ್ಸೇ ಬರಲಿಲ್ಲ. ಇವತ್ತೊಂದು ದಿನ ಹೀಗೇ ಇರಲಿ ಎಂದುಕೊಂಡಳು.

ಅಷ್ಟೇ ಸಾಕಾಯಿತು. ಬೆಟ್ಟದ ಮೇಲಿನ ಗವಿಯಲ್ಲಿದ್ದ ಮಾಂತ್ರಿಕನೊಬ್ಬ ಸಿಳ್ಳೆ ಹಾಕಿದ. ನಿಲ್ಲಲೂ ಬಾರದ ಕೂಸು ಎದ್ದು, ಮೆಟ್ಟು ಎಳೆದತ್ತ ಕಾಡು, ಹೊಳೆ ಎನ್ನದೆ ಪಟಪಟನೆ ನಡೆದೇಬಿಟ್ಟಿತು. ಅವನ ಗವಿ ಹೊಕ್ಕ ಯಾವ ಕೂಸೂ ಇದುವರೆಗೆ ತಿರುಗಿ ಬಂದದ್ದಿಲ್ಲ. ಕೂಗಿ ಕರೆಯೋಣವೆಂದರೆ ಹೆಸರೂ ಇಲ್ಲ. ಅಲಾಂಕ್ ಎದ್ದೆನೋ ಬಿದ್ದೆನೋ ಎಂದು ಹಿಂದೆ ಓಡಿದಳು.

ಕಾಡಿನಂಚಿನಲ್ಲಿ ಕರಡಿ ಅಡ್ಡ ನಿಂತಿತು. "ಕತೆ ಹೇಳು, ದಾರಿ ಬಿಡ್ತೀನಿ."

"ಇದು ಬೇಸಿಗೆ, ಅಜ್ಜ. ಕತೆ ಏನಿದ್ರೂ ಹಿಮ ಬಿದ್ದ ಮೇಲೆ. ಈಗ ಹೇಳಿದ್ರೆ ಹುಳಹುಪ್ಪಟೆಯೆಲ್ಲ ಬಂದು ಹೇಳಿದೋರನ್ನ ಮುತ್ತಿಕೊಳ್ತವೆ. ಬೇಕಾದ್ರೆ ನಿಮ್ಮ ಮೈಗೆ ಚುಚ್ಚಿದ ಮುಳ್ಳು ತೆಗೀತೀನಿ." ಮುಳ್ಳು ತೆಗೆದಳು, ಕರಡಿ ದಾರಿ ಬಿಟ್ಟಿತು.

ಹೊಳೆಯಲ್ಲಿ ದೋಣಿಯಷ್ಟು ದೊಡ್ಡ ಮೀನು ತಲೆಯೆತ್ತಿತು. "ಕತೆ ಹೇಳು, ದಾಟಿಸ್ತೀನಿ."

"ಹಿಮ ಬೀಳಲಿ, ಅಜ್ಜಿ" ಎಂದು ಅದರ ಕಿವಿರಿಗೆ ಸಿಕ್ಕಿದ್ದ ಬಲೆಯ ಎಳೆ ಬಿಡಿಸಿದಳು. ಮೀನು ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಸರ್ರನೆ ದಾಟಿಸಿತು.

ಬೆಟ್ಟದ ಮೇಲೆ ಕೂಸಿಗೂ ಗವಿಗೂ ನಡುವೆ ಹತ್ತೇ ಹೆಜ್ಜೆ. ಮಾಂತ್ರಿಕ ಹಲ್ಲು ಕಿರಿದ. "ಕತೆ ಹೇಳು, ತಮ್ಮನನ್ನ ಬಿಡ್ತೀನಿ."

ಅಲಾಂಕ್ ಇಕ್ಕಟ್ಟಿಗೆ ಸಿಕ್ಕಿದಳು. ಬಾಯಿ ಬಿಟ್ಟರೆ ತಾನು ಹುಳುಗಳ ಪಾಲು, ಬಿಡದಿದ್ದರೆ ತಮ್ಮ ಇವನ ಪಾಲು. ಆದರೂ ಹುಡುಗಿ ಗಟ್ಟಿಗಿತ್ತಿ. ಮೆಲ್ಲಗೆ ಕೇಳಿದಳು: "ನನ್ನ ಕತೇಲಿ ಏನಿದೆ, ದೊಡ್ಡೋರೆ? ಕೂತಲ್ಲಿಂದಲೇ ಕೂಸನ್ನ ನಡೆಸಿದೋರು ನೀವು. ಇಂಥ ವಿದ್ಯೆ ನಿಮಗೆ ಹೇಗೆ ಬಂತು?"

ಹೊಗಳಿಕೆಗೆ ಮಾಂತ್ರಿಕ ಉಬ್ಬಿಹೋದ. "ಕೇಳು ಹಾಗಾದ್ರೆ. ನಾನು ಚಿಕ್ಕವನಿದ್ದಾಗ, ಈ ಬೆಟ್ಟದಲ್ಲಿ ಒಬ್ಬ ರಾಕ್ಷಸಿ ಇದ್ದಳು..."

ಕತೆ ಶುರುವಾದದ್ದೇ ತಡ, ನೆಲದಿಂದ ಇರುವೆ, ಮರದಿಂದ ಕಣಜ, ಕಲ್ಲಡಿಯಿಂದ ಚೇಳು, ಎಲ್ಲ ಬಂದವು. ಮುತ್ತಿದವು, ಕಚ್ಚಿದವು, ಕುಣಿಸಿದವು. ಒಂದೊಂದು ಕಡಿತಕ್ಕೆ ಒಂದೊಂದು ಮಂತ್ರ ಮರೆತುಹೋಯಿತು. ಕೊನೆಗೆ ಮಾಂತ್ರಿಕ ಜೀರುಂಡೆಯಷ್ಟು ಚಿಕ್ಕವನಾದ. ಇರುವೆಗಳು ಅವನನ್ನು ಎತ್ತಿಕೊಂಡು ಬಿಲದೊಳಕ್ಕೆ ಹೋದವು. ಗವಿಯ ಬಾಗಿಲಲ್ಲಿ ಮೆಟ್ಟು ಗಕ್ಕನೆ ನಿಂತಿತು. ಕೂಸು ದೊಪ್ಪನೆ ಕೂತು ಅಳತೊಡಗಿತು. ಆ ಅಳು ಕೇಳಿ ಅಲಾಂಕ್‌ಗೆ ಹೋದ ಜೀವ ಬಂತು.

ತಮ್ಮನನ್ನು ಹೊತ್ತು ಮನೆಗೆ ಬಂದವಳು ಅವ್ವನ ಮುಂದೆ ಅತ್ತೇಬಿಟ್ಟಳು. "ತಪ್ಪು ನಂದೇ, ಅವ್ವ. ಚೆಂದ ಕೆಡುತ್ತೆ ಅಂತ ತೂತು ಕೊರೀಲಿಲ್ಲ."

ಅವ್ವ ಇಬ್ಬರನ್ನೂ ತಬ್ಬಿಕೊಂಡಳು. "ನೀನು ಕೂಸಾಗಿದ್ದಾಗ ನಾ ಹೊಲಿದ ಮೆಟ್ಟು ಇದಕ್ಕಿಂತ ಚೆಂದ ಇತ್ತು ಕಣೇ. ತೂತು ಕೊರೆಯೋವಾಗ ನಂಗೂ ಅಳು ಬಂದಿತ್ತು. ಅತ್ತುಕೊಂಡೇ ಕೊರೆದೆ."

ಅಲಾಂಕ್ ಕಣ್ಣೊರೆಸಿಕೊಂಡು ತಮ್ಮನ ಮೆಟ್ಟಿಗೆ ತೂತು ಕೊರೆದಳು. ಅಂದಿನಿಂದ ಆ ಸೀಮೆಯ ಕೂಸುಗಳು ಯಾವ ಸಿಳ್ಳೆಗೂ ಹೆದರದೆ ಬೆಳೆದವು, ಹೆತ್ತವರು ನೆಮ್ಮದಿಯಾಗಿ ನಿದ್ದೆ ಮಾಡಿದರು.