ಅಂಥ ಆಜ್ಞೆ ಇಲ್ಲ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ಆಸರೆಯ ಮರಗಳನ್ನು ಬಿಚ್ಚುತ್ತಿದ್ದಂತೆಯೇ, ಶಿಶುವಿಹಾರದ ಹೊಸ ಕಟ್ಟಡದ ಬಾಲ್ಕನಿ ಮುರಿದು ಬಿತ್ತು. ಮಕ್ಕಳು ಇನ್ನೂ ಆ ಕಟ್ಟಡಕ್ಕೆ ಬಂದಿರಲಿಲ್ಲ, ಅದೊಂದು ಪುಣ್ಯ. ಆದರೆ ಮರ ಬಿಚ್ಚುತ್ತಿದ್ದ ಬಡಗಿ ಕೆಳಗೇ ಇದ್ದ. ಅವನ ಸೊಂಟದ ಮೂಳೆ ಮುರಿಯಿತು. ಜೀವ ಉಳಿಯಿತು, ಮತ್ತೆ ನಡೆಯುತ್ತಾನಾ ಎಂದು ಹೆಂಡತಿ ಕೇಳಿದರೆ ಡಾಕ್ಟರು ಮಾತು ಬದಲಿಸುತ್ತಿದ್ದರು.

ಒಡೆದ ಕಾಂಕ್ರೀಟಿನಲ್ಲಿ ಕಂಬಿಗಳನ್ನು ಎಣಿಸಿದರು. ನೂರು ಮಿಲಿಮೀಟರಿಗೊಂದರಂತೆ ಇಪ್ಪತ್ತೆರಡು ಇರಬೇಕಿತ್ತು. ಇದ್ದದ್ದು ಹನ್ನೊಂದು. ಕಟ್ಟಿದವರ ತಪ್ಪೇ? ಅಲ್ಲ— ಅವರ ಕೈಯಲ್ಲಿದ್ದ ನಕ್ಷೆಯಲ್ಲೇ ಇನ್ನೂರಕ್ಕೊಂದರಂತೆ ಹನ್ನೊಂದೇ ಗೆರೆಗಳಿದ್ದವು. ನಕ್ಷೆ ಬಿಡಿಸಿದವರು ಯಾರು? ಪುಟ್ಟಿ.

ಮೂವತ್ತನಾಲ್ಕು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಚಿಕ್ಕಂದಿನಲ್ಲಿ ಕಬ್ಬಿಣದ ಗೇಟಿಗೆ ಸಿಕ್ಕಿ ಎಡಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಮಡಚದ ಮರದ ಕಡ್ಡಿಗಳಂತಾಗಿದ್ದವು. ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವವರಿಗೆ ಬಲಗೈ ಮೌಸಿನ ಮೇಲೆ, ಎಡಗೈ ಕೀಲಿಗಳ ಮೇಲೆ. ಆ ಎಡಗೈಯನ್ನೇ ನೋಡಿ ನಾಲ್ಕು ಕಚೇರಿಗಳು ಅವಳನ್ನು ಹೊರಗಟ್ಟಿದ್ದವು. ಐದನೆಯದರಲ್ಲಿ ಸೇರಿಸಿಕೊಂಡವರು ಅಲ್ಲಿಯ ಹಿರಿಯ ನಕ್ಷೆಗಾರ, ಎಲ್ಲರ ಬಾಯಲ್ಲೂ ದೊಡ್ಡಣ್ಣ. ಅವರಿಗಾಗಿ ಪ್ರಾಣ ಕೊಡು ಎಂದರೂ ಪುಟ್ಟಿ ಹಿಂದೆಮುಂದೆ ನೋಡುತ್ತಿರಲಿಲ್ಲ.

ಈಗ ಹೆಚ್ಚುಕಡಿಮೆ ಅದನ್ನೇ ಕೊಡುವ ಹೊತ್ತು ಬಂದಿತ್ತು. ಅಂದು ಶನಿವಾರ, ಸಂಜೆ ನಾಲ್ಕರೊಳಗೆ ಕಚೇರಿಯ ಯಜಮಾನರು ನಗರ ಕಚೇರಿಗೆ ತಪ್ಪಿತಸ್ಥರ ಹೆಸರು ಬರೆದು ಕೊಡಬೇಕು. ಹೆಸರು ಹೋದರೆ ಕೆಲಸ ಹೋಯಿತು, ಪರವಾನಗಿ ಹೋಯಿತು, ಮೇಲೆ ಪೊಲೀಸು, ಕೋರ್ಟು. ಪುಟ್ಟಿಯ ಚೀಲದಲ್ಲಿ ತಪ್ಪೊಪ್ಪಿಗೆಯ ಕಾಗದ ಸಿದ್ಧವಿತ್ತು. ಸಹಿಯೊಂದು ಬಾಕಿ. ದೊಡ್ಡಣ್ಣನೇ ಹೇಳಿ ಬರೆಸಿದ್ದರು. ಒಪ್ಪಿಕೊಂಡುಬಿಟ್ಟರೆ ಶಿಕ್ಷೆ ಕಡಿಮೆಯಾಗುತ್ತದೆ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಬೆನ್ನು ಸವರಿ ಹೇಳಿದ್ದರು.

ಸಹಿ ಹಾಕದಂತೆ ತಡೆದವರು ಚಿಕ್ಕಮ್ಮ. ವಿಚಾರಣೆಗೆ ಜೊತೆಗೊಬ್ಬರನ್ನು ಕರೆತರಬಹುದು ಎಂದು ಯಜಮಾನರು ಹೇಳಿದ್ದೇ ತಡ, ಪುಟ್ಟಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಮೂವತ್ತೊಂದು ವರ್ಷ ಟೈಪಿಂಗ್ ಶಾಲೆ ನಡೆಸಿದ ಹೆಂಗಸು. ಎಂಟೇ ಬೆರಳುಗಳಲ್ಲಿ ಟೈಪ್ ಮಾಡಲು ಪುಟ್ಟಿಗೆ ಕಲಿಸಿದವರೂ ಅವರೇ. ಕಂಪ್ಯೂಟರ್ ನಕ್ಷೆಯ ಗಂಧಗಾಳಿ ಅವರಿಗಿರಲಿಲ್ಲ.

"ನೀನು ಮಾಡಿದ್ದೀಯಾ?" ಬಸ್ಸಿನಲ್ಲಿ ಚಿಕ್ಕಮ್ಮ ಒಂದೇ ಸಲ ಕೇಳಿದರು.

"ಗೊತ್ತಿಲ್ಲ ಚಿಕ್ಕಮ್ಮ." ಪುಟ್ಟಿ ಎಡಗೈಯನ್ನು ಮಡಿಲಿನಿಂದೆತ್ತಿ ತೋರಿಸಿದಳು. "ಮಾಡಿದ ನೆನಪಿಲ್ಲ. ಆದ್ರೆ ಈ ಕೈ... ಚಳಿ ಬಂದ್ರೆ ಜೋಮು ಹಿಡಿಯತ್ತೆ. ನನಗೇ ಗೊತ್ತಾಗದ ಹಾಗೆ ಏನಾದ್ರೂ ಒತ್ತಿಬಿಟ್ಟಿದ್ರೆ?"

ಬಾಲ್ಕನಿ ಬಿದ್ದದ್ದಕ್ಕಿಂತ ದೊಡ್ಡ ಕೇಡು ಅದೇ ಆಗಿತ್ತು. ಆರು ದಿನಗಳಿಂದ ಅವಳು ತನ್ನ ಕೈಯನ್ನೇ ಅಪರಾಧಿಯಂತೆ ನೋಡುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಬಡಗಿಯ ಹೆಂಡತಿಗೆ ಮುಖ ತೋರಿಸಲಾರದೆ ಆಸ್ಪತ್ರೆಯ ಬಾಗಿಲಿನಿಂದ ಎರಡು ಸಲ ಹಿಂತಿರುಗಿದ್ದಳು.

ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯಲ್ಲಿ ವಿಚಾರಣೆ ಶುರುವಾಯಿತು. ನಾಲ್ಕು ಕಂಪ್ಯೂಟರುಗಳ ಉದ್ದ ಕೋಣೆ. ಯಜಮಾನರು, ದೊಡ್ಡಣ್ಣ, ಮೂರು ತಿಂಗಳ ಹಿಂದೆ ಸೇರಿದ ಹೊಸಬಳು— ಅಷ್ಟೇ ಜನ. ಯಜಮಾನರು ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು. ನಕ್ಷೆಯ ತಂತ್ರಾಂಶ ಒತ್ತಿದ ಪ್ರತಿ ಕೀಲಿಯನ್ನೂ ದಿನಚರಿಯಂತೆ ಬರೆದಿಡುತ್ತದೆ. ಆ ಹಾಳೆಗಳು ಅದರ ಪ್ರತಿ. ಬಾಲ್ಕನಿ ಬೀಳುವ ಮೂರು ವಾರ ಮೊದಲು, ಬುಧವಾರದವರೆಗೆ ನಕ್ಷೆ ಸರಿಯಾಗಿಯೇ ಇತ್ತು, ದೊಡ್ಡಣ್ಣ ತಪಾಸಣೆ ಮಾಡಿ ಸಹಿಯನ್ನೂ ಹಾಕಿದ್ದರು. ಗುರುವಾರ ಮಧ್ಯಾಹ್ನ ಒಂದು ಹತ್ತರಿಂದ ಒಂದು ಇಪ್ಪತ್ತೈದರ ನಡುವೆ, ಪುಟ್ಟಿಯ ಕಂಪ್ಯೂಟರಿನಲ್ಲೇ, ಹನ್ನೊಂದು ಕಂಬಿಗಳ ಗೆರೆಗಳು ಅಳಿಸಿಹೋಗಿವೆ. ಶುಕ್ರವಾರ ಕಾಂಕ್ರೀಟು ಹಾಕಿದ್ದಾರೆ.

ಊಟದ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಪುಟ್ಟಿಯನ್ನು ಕೇಳಿದರು. ಮಹಡಿಯ ಮೇಲೆ, ಒಬ್ಬಳೇ, ಎಂದಳು. ಯಾರಾದರೂ ನೋಡಿದ್ದಾರೆಯೇ? ಇಲ್ಲ. ಆಗ ಹೊಸಬಳು ಎಲ್ಲಿದ್ದಳು? ಅಂಗಡಿಗೆ ಹೋಗಿದ್ದಳಂತೆ, ಅದನ್ನೂ ಯಾರೂ ನೋಡಿಲ್ಲ. ಯಜಮಾನರು ತಮ್ಮ ಕೋಣೆಯಲ್ಲಿ, ದೊಡ್ಡಣ್ಣ ತಮ್ಮ ಮೇಜಿನ ಮುಂದೆ ಕಣ್ಣು ಮುಚ್ಚಿ ನಿದ್ದೆಯಲ್ಲಿದ್ದರಂತೆ. ಮಧ್ಯಾಹ್ನ ಯಾರೂ ಕಂಪ್ಯೂಟರಿಗೆ ಬೀಗ ಹಾಕುವ ಪದ್ಧತಿಯಿಲ್ಲ.

"ಇಲ್ಲಿ ನೋಡಿ," ಯಜಮಾನರು ಹಾಳೆಯ ಮೇಲೆ ಬೆರಳಿಟ್ಟರು. "ಆರು ಕಡೆ 'ಅಂಥ ಆಜ್ಞೆ ಇಲ್ಲ' ಅಂತ ಬಂದಿದೆ. ಅಂದ್ರೆ ತಪ್ಪು ಕೀಲಿ ಒತ್ತಿದ್ದಾಳೆ. ಅವಳ ಬೆರಳಿನ ಸ್ಥಿತಿ ನಮಗೆಲ್ಲ ಗೊತ್ತು. ಬೇಕಂತ ಮಾಡಿದ್ದಾಳೆ ಅಂತ ನಾನು ಹೇಳ್ತಿಲ್ಲ."

ಪುಟ್ಟಿಯ ಕೈ ಚೀಲದೊಳಗಿನ ಕಾಗದಕ್ಕೆ ಹೋಯಿತು. ಚಿಕ್ಕಮ್ಮ ಆ ಕೈಯನ್ನು ಹಿಡಿದು ಪಕ್ಕಕ್ಕಿಟ್ಟರು, ಕನ್ನಡಕ ಏರಿಸಿ ಹಾಳೆಗಳನ್ನು ಓದತೊಡಗಿದರು. ಮಕ್ಕಳ ಉತ್ತರಪತ್ರಿಕೆ ತಿದ್ದುವಷ್ಟೇ ನಿಧಾನ. ಯಜಮಾನರು ಗಡಿಯಾರ ನೋಡಿದರು. ಆಮೇಲೆ ಚಿಕ್ಕಮ್ಮ ಎದ್ದು ಪುಟ್ಟಿಯ ಕೀಲಿಮಣೆಯ ಮೇಲೆ ಬಗ್ಗಿದರು. ನಡುವಿನ ಕೀಲಿಗಳ ಅಕ್ಷರ ಸವೆದು ಮಾಯವಾಗಿತ್ತು. ಎಡ ಅಂಚಿನ ಕ್ಯೂ, ಎ, ಝಡ್ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯುತ್ತಿದ್ದವು.

"ನನಗೆ ಇದೆಲ್ಲ ತಿಳಿಯಲ್ಲ," ಎಂದರು ಚಿಕ್ಕಮ್ಮ. "ಗೆರೆ ಅಳಿಸೋದು ಅಂದ್ರೆ ಹೇಗೆ? ಒಬ್ಬೊಬ್ಬರಾಗಿ ಇಲ್ಲೇ ಕೂತು ಮಾಡಿ ತೋರಿಸ್ತೀರಾ?"

ಕಾಲಹರಣ ಎಂದು ಗೊಣಗುತ್ತಲೇ ಯಜಮಾನರು ಮೊದಲು ಕುಳಿತರು. ಆಶ್ಚರ್ಯವೆಂದರೆ ಚಿಕ್ಕಮ್ಮ ಪರದೆಗೆ ಬೆನ್ನು ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಯಜಮಾನರು ಮೌಸಿನಿಂದಲೇ ಆಜ್ಞೆಗಳ ಪಟ್ಟಿಯಲ್ಲಿ ಹುಡುಕಿ ಹುಡುಕಿ ಅಳಿಸಿದರು, ಕೀಲಿ ಮುಟ್ಟಲಿಲ್ಲ. ಹೊಸಬಳು ಕುಳಿತಳು. ಟಕ್. ಗೆರೆ ಅಳಿಯುವ ಬದಲು ಇನ್ನೊಂದು ಗೆರೆ ಹುಟ್ಟಿಕೊಂಡಿತು. ಅವಳು ನಾಚಿ ನಕ್ಕಳು: ತಂತ್ರಾಂಶದ ಕಂಪನಿ ಕೊಟ್ಟ ಕೀಲಿಗಳೇ ತನ್ನವು, ಇ ಒತ್ತಿದರೆ ಅಳಿಸುತ್ತದೆ, ಅಕ್ಕನ ಕಂಪ್ಯೂಟರಿನಲ್ಲಿ ಎಲ್ಲ ಅದಲುಬದಲು.

ಪುಟ್ಟಿ ಅಳುಕುತ್ತಲೇ ವಿವರಿಸಿದಳು. ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ಅವರವರು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ತನ್ನ ಮಡಚುವ ಬೆರಳುಗಳಿಗೆ ಎಟಕುವ ಕೀಲಿಗಳಿಗೇ ಎಲ್ಲ ಕೆಲಸ ಹಂಚಿದ್ದಾಳೆ. ಅಂಚಿನವು ಅವಳ ಪಾಲಿಗೆ ಬರಿಯ ಕೀಲಿಗಳು, ಯಾವ ಕೆಲಸವೂ ಇಲ್ಲದವು.

ಕೊನೆಗೆ ದೊಡ್ಡಣ್ಣ ಕುಳಿತರು. "ಹೆದರಬೇಡ ತಂಗಿ," ಎಂದು ಅವಳ ಕಡೆ ತಿರುಗಿ ಹೇಳುತ್ತಿದ್ದಂತೆ ಎಡಗೈ ತಾನಾಗಿಯೇ ಕೆಲಸಕ್ಕಿಳಿಯಿತು.

ಟಕ್ ಟಕ್.

ಪರದೆಯ ಕೆಳಗೆ ಅಕ್ಷರಗಳು ಮೂಡಿದವು— ಅಂಥ ಆಜ್ಞೆ ಇಲ್ಲ.

ಚಿಕ್ಕಮ್ಮ ಕಿಟಕಿಯಿಂದ ತಿರುಗಿದರು. "ಕ್ಯೂ ಎರಡು ಸಲ. ಅಲ್ವಾ?"

ದೊಡ್ಡಣ್ಣನ ಕೈ ಕೀಲಿಮಣೆಯಿಂದ ಥಟ್ಟನೆ ಮೇಲೆದ್ದಿತು. ಹಳೆಯ ಅಭ್ಯಾಸ ಎಂದರು. ಮೊದಲಿದ್ದ ಕೀಲಿಮಣೆ ಅಂಟಿಕೊಳ್ಳುತ್ತಿತ್ತು, ಒಂದು ಸಲ ಒತ್ತಿದರೆ ನಂಬಿಕೆಯಿರಲಿಲ್ಲ, ಆಗಿನಿಂದ ತಮ್ಮ ಕಂಪ್ಯೂಟರಿನಲ್ಲಿ ಎಲ್ಲ ಆಜ್ಞೆಗೂ ಒಂದೇ ಕೀಲಿಯ ಜೋಡಿ ಒತ್ತನ್ನೇ ಇಟ್ಟುಕೊಂಡಿದ್ದಾರೆ, ಅಳಿಸಲು ಕ್ಯೂ ಕ್ಯೂ. ಅದರಲ್ಲೇನಿದೆ?

"ಅದರಲ್ಲೇ ಇರೋದು," ಎಂದರು ಚಿಕ್ಕಮ್ಮ, ಹಾಳೆ ಎತ್ತಿಕೊಂಡು. "ಅಳಿಸಿದ ಗೆರೆ ಎಲ್ಲರೂ ಎಣಿಸಿದ್ರಿ. ತಪ್ಪಾದ ಕೀಲಿ ಯಾವುದು ಅಂತ ಯಾರೂ ಓದಲಿಲ್ಲ. ಕ್ಯೂ ಕ್ಯೂ. ಎ ಎ. ಮತ್ತೆ ಕ್ಯೂ ಕ್ಯೂ. ಆರಕ್ಕೆ ಆರೂ ಜೋಡಿ, ಆರೂ ಅಂಚಿನ ಕೀಲಿ. ಆಮೇಲೆ ಬೇಸತ್ತು ಮೌಸ್ ಹಿಡಿದಿದ್ದಾರೆ. ಮೂವತ್ತೊಂದು ವರ್ಷ ತಪ್ಪು ತಿದ್ದಿದ್ದೀನಿ ಯಜಮಾನರೇ. ಕೈಲಾಗದ ಬೆರಳು ಪಕ್ಕದ ಕೀಲಿಗೆ ಜಾರತ್ತೆ, ಒಂದೊಂದು ಸಲ ಒಂದೊಂದು ಕಡೆ. ಆರು ಸಲ ಒಂದೇ ಥರ ಜಾರಲ್ಲ. ಇದು ತಪ್ಪಲ್ಲ, ರೂಢಿ. ಕೂತಿದ್ದ ಜಾಗ ಪುಟ್ಟಿಯದು, ರೂಢಿ ಬೇರೆಯವರದು."

"ನಾನ್ಯಾಕೆ ಹಾಗೆ ಮಾಡ್ಲಿ?" ದೊಡ್ಡಣ್ಣ ಕುರ್ಚಿ ಹಿಂದಕ್ಕೆ ಸರಿಸಿದರು.

ಅದೂ ಒಂದು ಪ್ರಶ್ನೆಯೇ. ಚಿಕ್ಕಮ್ಮ ಯಜಮಾನರನ್ನು ಕೇಳಿದರು: ಕಂಬಿಗಳನ್ನು ಕತ್ತರಿಸಿ ಕಳಿಸಲು ಪಟ್ಟಿ ಯಾರು ಬರೆಯುತ್ತಾರೆ? ದೊಡ್ಡಣ್ಣ. ಕಂಬಿಗಳು ಕಟ್ಟಡದ ಜಾಗಕ್ಕೆ ಬಂದದ್ದು ಯಾವತ್ತು? ಯಜಮಾನರು ಮೇಸ್ತ್ರಿಗೆ ಫೋನು ಮಾಡಿದರು. ಕಾಂಕ್ರೀಟು ಹಾಕುವ ಎರಡು ದಿನ ಮೊದಲು, ಬುಧವಾರ ಬೆಳಿಗ್ಗೆ, ಎಂದ ಮೇಸ್ತ್ರಿ. ಎಷ್ಟು? ಹನ್ನೊಂದು.

ಯಜಮಾನರು ಫೋನು ಕೆಳಗಿಟ್ಟು ದಿನಗಳನ್ನು ಬೆರಳಲ್ಲಿ ಎಣಿಸಿದರು. ನಕ್ಷೆ ಬದಲಾದದ್ದು ಗುರುವಾರ. ನಕ್ಷೆಯಲ್ಲಿ ಇಪ್ಪತ್ತೆರಡಿದ್ದಾಗಲೇ ಕಂಬಿ ಹನ್ನೊಂದು ಬಂದಿತ್ತು. ಪಟ್ಟಿ ಮೊದಲೇ ತಪ್ಪಾಗಿತ್ತು. ಆ ತಪ್ಪಿಗೆ ತಕ್ಕಂತೆ ದೊಡ್ಡಣ್ಣ ನಕ್ಷೆಯನ್ನು ಕತ್ತರಿಸಿದ್ದರು.

ದೊಡ್ಡಣ್ಣ ಕುರ್ಚಿಯಲ್ಲೇ ಕುಗ್ಗಿದರು. ನಲವತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ ಎಂದು ಹೆಸರು ಮಾಡಿದವನು ಎಣಿಕೆ ತಪ್ಪಿದೆನೆಂದು ಯಾವ ಬಾಯಲ್ಲಿ ಹೇಳಲಿ ಎಂದರು. ಅಷ್ಟು ಚಿಕ್ಕ ಬಾಲ್ಕನಿ, ತಡೆದುಕೊಳ್ಳುತ್ತದೆ ಎಂದುಕೊಂಡೆ ಎಂದರು. ಪುಟ್ಟಿಯನ್ನು ಮಾತ್ರ ನೋಡಲಿಲ್ಲ.

ಅವಳೇ ಎದ್ದು ಅವರ ಹತ್ತಿರ ಬಂದಳು. ಆರು ದಿನ ಅವರ ಮುಂದೆಯೇ ಅತ್ತಿದ್ದಳು. ತನ್ನ ಕೈಯನ್ನು ತಾನೇ ಶಪಿಸಿದ್ದನ್ನು ಅವರು ಕೇಳಿದ್ದರು. ಕೇಳಿ ಬೆನ್ನು ಸವರಿದ್ದರು. ಸಿಟ್ಟಿಗಿಂತ ಹೆಚ್ಚಾಗಿ ದುಃಖ ಬಂತು. ಇವರಿಗೆ ಪ್ರಾಣ ಕೊಡಲು ಸಿದ್ಧಳಿದ್ದೆನಲ್ಲ, ಎಂದುಕೊಂಡಳು.

ಚೀಲದಿಂದ ಕಾಗದ ತೆಗೆದು ಅವರ ಮುಂದಿಟ್ಟಳು. ನನ್ನ ಅಜಾಗರೂಕತೆಯಿಂದ ಕಂಬಿಗಳ ಸಂಖ್ಯೆ ತಪ್ಪಾಗಿದೆ, ಒಬ್ಬ ಮನುಷ್ಯನಿಗೆ ಪೆಟ್ಟಾಗಿದೆ, ಇದಕ್ಕೆ ನಾನೇ ಹೊಣೆ— ಅಷ್ಟೇ ಇತ್ತು ಅದರಲ್ಲಿ. ಕೆಳಗೆ ಸಹಿಯ ಜಾಗ ಖಾಲಿ.

"ನೀವೇ ಬರೆಸಿದ್ದು ದೊಡ್ಡಣ್ಣ," ಎಂದಳು. "ಒಂದಕ್ಷರಾನೂ ಬದಲಾಯಿಸೋದು ಬೇಡ."

ದೊಡ್ಡಣ್ಣ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು. ಎಡಗೈಯ ಕಿರುಬೆರಳು ಮೇಜಿನ ಮೇಲೆ ಎರಡು ಸಲ ಬಡಿಯಿತು. ಅದು ಬಡಿದದ್ದು ಅವರಿಗೆ ಗೊತ್ತಾಗಲಿಲ್ಲ. ಆಮೇಲೆ ಪೆನ್ನು ಕೇಳಿದರು. ಯಜಮಾನರು ತಮ್ಮ ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು.

ಹೊರಗೆ ಬಿಸಿಲಿತ್ತು. ಬಸ್ ನಿಲ್ದಾಣದಲ್ಲಿ ಚಿಕ್ಕಮ್ಮ ಮನೆಯ ದಾರಿಯ ಬಸ್ಸಿಗೆ ಕೈ ತೋರಿಸಹೋದರು. ಪುಟ್ಟಿ ಅವರನ್ನು ತಡೆದಳು. ಆಸ್ಪತ್ರೆಗೆ ಹೋಗೋಣ ಎಂದಳು. ಬಡಗಿ ನಡೆಯುತ್ತಾನೋ ಇಲ್ಲವೋ, ಅದಿನ್ನೂ ಹಾಗೇ ಇತ್ತು. ಬಸ್ಸು ಬಂದಾಗ ಅವಳು ಬಾಗಿಲ ಕಂಬಿಯನ್ನು ಎಡಗೈಯಲ್ಲಿ ಹಿಡಿದು ಹತ್ತಿದಳು.