ಒಂಟೆ ಕತ್ತಿನ ಬುಲ್‌ಬುಲ್

"ಅಕ್ಕಾ, ಎದ್ದು ಬಂದು ಇಲ್ಲಿಂದ ನೋಡು. ನಮ್ಮ ಬುಲ್‌ಬುಲ್‌ಗೆ ಒಂಟೆ ಕತ್ತು ಬಂದಿದೆ!"

ಚಹಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೊಗ್ರಾ ಚಿಕ್ಕಮ್ಮ ಕೂಗಿದಳು. ಮಗ್ಗದ ಮುಂದೆ ಕೂತಿದ್ದ ಅಮ್ಮ ಎದ್ದು ಬಂದಳು. ಅವಳ ಹಿಂದೆಯೇ ಮಗಳು ತಹ್ಮೀನೆಯೂ ಬಂದು ಇಣುಕಿದಳು. ರತ್ನಗಂಬಳಿಯ ಮೇಲೆ ಹಕ್ಕಿಯ ಕತ್ತು ಹೋಗ್ತಾ ಹೋಗ್ತಾ ಮುಗಿಯುವಂತೆಯೇ ಇರಲಿಲ್ಲ.

ಆ ಮನೆಯಲ್ಲಿ ಕೆಲಸ ನಡೆಯುವುದು ಹೀಗೆ: ಅಜ್ಜಿ ಚಿತ್ರ ಬರೆದ ಚೌಕುಳಿ ಹಾಳೆ ನೋಡಿ ಒಂದೊಂದೇ ಸಾಲಿನ ಬಣ್ಣಗಳನ್ನು ಹಾಡುತ್ತಾಳೆ. ಅಮ್ಮ, ಚಿಕ್ಕಮ್ಮ ಕೇಳಿದ್ದನ್ನೇ ಗಂಟು ಹಾಕಿ "ಆಯ್ತು" ಅನ್ನುತ್ತಾರೆ. ಈಗ ಅಜ್ಜಿಯ ಗಂಟಲು ಕಟ್ಟಿತ್ತು. ಚಿಕ್ಕಮ್ಮನ ಮದುವೆಗೆ ಹನ್ನೆರಡೇ ದಿನ. ಕಂಬಳಿ ಅವಳ ಜೊತೆಗೇ ಗಂಡನ ಮನೆಗೆ ಹೋಗಬೇಕು.

"ನಾನು ಹಾಡ್ತೀನಿ! ಸ್ಕೂಲಲ್ಲಿ ಮೈಕ್ ಹಿಡಿಯೋಳು ನಾನೇ ಅಲ್ವಾ?" ಎಂದು ಆ ಬೆಳಿಗ್ಗೆ, ಶುಕ್ರವಾರದ ರಜೆಯಲ್ಲಿ, ತಹ್ಮೀನೆ ಹಾಳೆ ಕಿತ್ತುಕೊಂಡಿದ್ದಳು.

ಹಾಡಿದ್ದೇ ಹಾಡಿದ್ದು! "ಎರಡು ಕೆಂಪು... ಒಂದು ನೀಲೀ..." ಸಾಲು ಮುಗಿದಾಗ ಕಿಟಕಿಯಾಚೆ ಗೆಳತಿ ನಸ್ತರನ್ "ವಾಹ್! ಇನ್ನೊಂದು ಸಲ!" ಎಂದಳು. ತಹ್ಮೀನೆ ಅದೇ ಸಾಲನ್ನು ಮತ್ತೆ ಹಾಡಿದಳು. ಮಗ್ಗದಿಂದ ಬಂದ "ಆಯ್ತು" ಅವಳಿಗೆ ಚಪ್ಪಾಳೆಯಂತೆ ಕೇಳಿತ್ತು.

"ನಸ್ತರನ್ ಹೇಳಿದ್ಲು, ಅದಕ್ಕೇ..."

"ಅವಳು ಹೇಳಿದ್ದು ಒಂದೇ ಸಲ," ಅಮ್ಮ ಗುಡುಗಿದಳು. "ಕತ್ತಿನ ಎಂಟು ಸಾಲೂ ಡಬಲ್ ಆಗಿದೆ. ಉಳಿದ ಏಳು ಸಲ ಯಾರೇ ಹೇಳಿದ್ದು?"

ತಹ್ಮೀನೆ ತನ್ನ ಕಾಲಿನ ಹೆಬ್ಬೆರಳು ನೋಡಿದಳು. "ನಾನೇ. ನನ್ನ ರಾಗ ನಂಗೇ ತುಂಬಾ ಹಿಡಿಸ್ಬಿಡ್ತು."

"ಅತ್ತೆ ಮನೆಯವರು ಇದ್ಯಾವ ಪ್ರಾಣಿ ಅಂತ ಕೇಳಿದ್ರೆ ಏನೇ ಹೇಳ್ಲಿ?" ಚಿಕ್ಕಮ್ಮ ನಗಲು ಹೋದಳು, ನಗು ಬರಲಿಲ್ಲ.

ಮೂಲೆಯಲ್ಲಿ ಬೇಯಿಸಿದ ಟರ್ನಿಪ್ ತಿನ್ನುತ್ತಿದ್ದ ಅಜ್ಜಿ ಪಿಸುಗುಟ್ಟಿದಳು: "ಕತ್ತೆಗೂ ತನ್ನ ರಾಗವೇ ಚಂದ. ಬಾ ತಾಯಿ, ಬಿಚ್ಚು."

ಹದಿನಾರು ಸಾಲುಗಳಲ್ಲಿ ಕೆಳಗಿನ ಒಂದನ್ನು ಬಿಟ್ಟು ಮೇಲಿನ ಹದಿನೈದನ್ನೂ ಬಿಚ್ಚಬೇಕಿತ್ತು. ಅಮ್ಮ, ಚಿಕ್ಕಮ್ಮ, ತಹ್ಮೀನೆ ಮೂವರೂ ಸೂಜಿ ಹಿಡಿದು ಕೂತರು. ಒಂದೊಂದು ಗಂಟೂ ಕಲ್ಲಿನಂತೆ ಬಿಗಿ. ಅರ್ಧ ಸಾಲಿಗೇ ತಹ್ಮೀನೆಯ ಬೆರಳು ಕೆಂಪಾಯಿತು. ಅದೇ ಸಾಲನ್ನು ಇನ್ನೊಂದು ಸಲ ಹಾಡಲು ಅವಳಿಗೆ ಒಂದೇ ಉಸಿರು ಸಾಕಾಗಿತ್ತು. ಪಕ್ಕದಲ್ಲಿ ಚಿಕ್ಕಮ್ಮ ಒಡೆದ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಿದ್ದಳು. ಆ ಬೆರಳು ಯಾವಾಗ ಒಡೆಯಿತೋ, ತಹ್ಮೀನೆ ನೋಡಿಯೇ ಇರಲಿಲ್ಲ.

ಮರುದಿನ ಸ್ಕೂಲಿಂದ ಬಂದವಳ ಕೈಗೆ ಅಮ್ಮ ಹಾಳೆ ಕೊಟ್ಟಳು. "ಅಜ್ಜಿ ಗಂಟಲು ಇನ್ನೂ ಬಿಟ್ಟಿಲ್ಲ. ಹಾಡು."

"ನಾನಾ?"

"ಮತ್ಯಾರು, ಒಂಟೆನಾ?"

ಕಿಟಕಿಯಲ್ಲಿ ನಸ್ತರನ್ ಆಗಲೇ ಚಪ್ಪಾಳೆಗೆ ಕೈ ಎತ್ತಿಕೊಂಡು ನಿಂತಿದ್ದಳು. ತಹ್ಮೀನೆ ಅವಳಿಗೆ ಬೆನ್ನು ಹಾಕಿ, ಮಗ್ಗದ ಕಡೆ ಮುಖಮಾಡಿ ಕೂತಳು.

"ಎರಡು ಕೆಂಪು."

"ಆಯ್ತು," ಎಂದಳು ಅಮ್ಮ.

ಚಿಕ್ಕಮ್ಮ ಇನ್ನೂ ಗಂಟು ಹಾಕುತ್ತಲೇ ಇದ್ದಳು. ಒಡೆದ ಬೆರಳು ನೂಲಿಗೆ ಸಿಕ್ಕಿಕೊಂಡಿತ್ತು. ತಹ್ಮೀನೆ ತುಟಿಗೆ ಬಂದಿದ್ದ ನೀಲಿಯನ್ನು ನುಂಗಿಕೊಂಡು ಕಾದಳು.

"ಆಯ್ತು ಕಣೇ," ಎಂದಳು ಚಿಕ್ಕಮ್ಮ.

"ಒಂದು ನೀಲಿ."