ನಿಶ್ಚಿಂತ ಸೋನಾ

ಅನ್ನ ಬಸಿಯುತ್ತಿದ್ದ ವಸೀಮಾಳ ಕೈಗೆ ಗಂಜಿಯ ಹಬೆ ತಾಗಿತು. ತಟ್ಟೆಯನ್ನು ಓರೆ ಹಿಡಿದು, ಬಟ್ಟೆಯಿಂದ ಪಾತ್ರೆಯ ಕಂಠ ಒತ್ತಿ, ಕೊನೆಯ ಹನಿಯವರೆಗೂ ಗಂಜಿ ಇಳಿಸುವುದು ಅವಳ ಅಭ್ಯಾಸ. ಈ ಅಕ್ಕಿಗೆ ಮೆಂತ್ಯದ ಸಣ್ಣ ಕಹಿ ವಾಸನೆ. ಮೊದಮೊದಲು ಮನೆಮಂದಿ ಮೂಗು ಮುರಿದಿದ್ದರು. ಈಗ ಯಾರೂ ಏನೂ ಅನ್ನುವುದಿಲ್ಲ. ಒಲೆಯ ಪಕ್ಕದಲ್ಲಿ ಅರ್ಧ ಖಾಲಿಯಾದ ಚೀಲ ನಿಂತಿತ್ತು. 'ನಿಶ್ಚಿಂತ ಸೋನಾ. ಸಕ್ಕರೆ ಕಾಯಿಲೆಯವರು ನಿಶ್ಚಿಂತೆಯಿಂದ ಉಣ್ಣಿರಿ. ವೈಜ್ಞಾನಿಕವಾಗಿ ಸಾಬೀತಾಗಿದೆ.'

ಸಕ್ಕರೆ ಕಾಯಿಲೆ ಯಾರಿಗೆಂದು ಅತ್ತೆ ಮಕ್ತುಂಬೀಗೆ ಗೊತ್ತಿರಲಿಲ್ಲ. ವಯಸ್ಸಾದ ತನಗಾಗಿ ಸೊಸೆ ದುಬಾರಿ ಅಕ್ಕಿ ತರುತ್ತಾಳೆಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಕಾಯಿಲೆ ಇದ್ದದ್ದು ಸೊಸೆ ವಸೀಮಾಳಿಗೆ. ಸಿಂಧನೂರಿನ ಠಾಣೆಯೊಂದರ ಸಬ್ ಇನ್‌ಸ್ಪೆಕ್ಟರ್‌ಗೆ ಶುಗರ್ ಇದೆಯೆಂದು ತಿಳಿದರೆ ಮೇಲಧಿಕಾರಿಗಳು ಅವಳನ್ನು ಬಂದೋಬಸ್ತಿಗೆ ಕಳಿಸದೆ ಕಡತಗಳ ಮುಂದೆ ಕೂರಿಸುತ್ತಾರೆ. ಮನೆಯವರು ಖಾಕಿ ಸಾಕು ಅನ್ನುತ್ತಾರೆ. ಹಾಗಾಗಿ ಗುಳಿಗೆಗಳನ್ನು ಮದರಂಗಿ ಡಬ್ಬಿಯಲ್ಲಿಟ್ಟು ಯಾರಿಗೂ ಕಾಣದಂತೆ ನುಂಗುತ್ತಿದ್ದಳು. ಕಳೆದ ರಂಜಾನ್ ತಿಂಗಳಲ್ಲಿ ಈ ಅಕ್ಕಿ ಶುರುಮಾಡಿದಳು. ಹಬ್ಬದ ಹಿಂದಿನ ದಿನ ರಕ್ತ ಕೊಟ್ಟು ನೋಡಿದರೆ ಶುಗರ್ ಇಳಿದಿತ್ತು. ಅಂದಿನಿಂದ ಮದರಂಗಿ ಡಬ್ಬಿ ತೆರೆದಿರಲಿಲ್ಲ. ಈಚೆಗೆ ಬಾಯಿ ಒಣಗುತ್ತದೆ, ಅಂಗಾಲು ಉರಿಯುತ್ತದೆ. ಸಿಂಧನೂರಿನ ಬಿಸಿಲು, ಬೂಟು ಎಂದುಕೊಂಡಿದ್ದಳು.

ಫೋನ್ ಬಂತು. ಹೆಡ್ ಕಾನ್‌ಸ್ಟೆಬಲ್ ಅಮರಗುಂಡಪ್ಪ.

"ಮೇಡಂ, ದಢೇಸುಗೂರಿನ ಹೆಣ್ಮಗಳೊಬ್ಬಾಕಿ ಬಂದಾಳ್ರೀ. ಅವರವ್ವ ದವಾಖಾನ್ಯಾಗ ಎಚ್ಚರಿಲ್ಲದ ಬಿದ್ದಾಳಂತ. ಕಂಪ್ಲೇಂಟ್ ಕೊಡ್ತೀನಿ ಅನ್ನಾಕತ್ತಾಳ."

"ಯಾರ ಮ್ಯಾಲ?"

"ಅಕ್ಕಿ ಮ್ಯಾಲ್ರೀ."

"ಏನು?"

"ಅಕ್ಕಿ ಮ್ಯಾಲ. ಹೆಸರೂ ಬರಕೊಂಡೀನಿ. ನಿಶ್ಚಿಂತ ಸೋನಾ."

ವಸೀಮಾ ಪಾತ್ರೆಯನ್ನು ಒಲೆಕಟ್ಟೆಯ ಮೇಲಿಟ್ಟಳು. ಗಂಜಿ ಇನ್ನೂ ತೊಟ್ಟಿಕ್ಕುತ್ತಿತ್ತು.

ಅಂದು 2025ರ ಅಕ್ಟೋಬರ್ 14, ಮಂಗಳವಾರ. ಫಿರ್ಯಾದಿಯ ಹೆಸರು ರಾಜಶ್ರೀ. ತಾಯಿ ಕಸ್ತೂರೆಮ್ಮ, ಅರವತ್ತರ ಹೆಂಗಸು. ಐದು ವರ್ಷದಿಂದ ಶುಗರ್ ಇತ್ತು. ರಾಜಶ್ರೀ ಅತ್ತು ಅತ್ತು ದನಿ ಕಳೆದುಕೊಂಡಿದ್ದಳು.

"ಗುಳಿಗಿ ತಗೊಳ್ತಿದ್ರೇನು?" ವಸೀಮಾ ಕೇಳಿದಳು.

"ಬಿಟ್ಟಿದ್ಲಂತ್ರೀ. ನನಗ ಹೇಳೇ ಇಲ್ಲ. ನಿನ್ನಿ ನೋಡ್ತೀನಿ, ಅಷ್ಟೂ ಗುಳಿಗಿ ಹಾಸಿಗಿ ಕೆಳಗ ಬಿದ್ದಾವ."

"ಬಚ್ಚಿಟ್ಟಿದ್ರು."

"ಹೌದ್ರೀ. ಮನ್ಯಾಗ ಇರಾಕಿಗೆ ಹಂಗ ಮುಚ್ಚಿಡೋದು ಏನೈತ್ರೀ?"

ಆ ಪ್ರಶ್ನೆಗೆ ಠಾಣೆಯಲ್ಲಿ ಉತ್ತರ ಗೊತ್ತಿದ್ದವಳು ಒಬ್ಬಳೇ. ಅವಳು ಎಫ್‌ಐಆರ್ ಬರೆಯಲು ಹೇಳಿದಳು: ವಂಚನೆ, ಜೀವಕ್ಕೆ ಅಪಾಯ ತಂದ ಆರೋಪ. ಮಧ್ಯಾಹ್ನ ದಢೇಸುಗೂರಿನ ಮನೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಅಡುಗೆಮನೆಯ ಅಕ್ಕಿ ಚೀಲಕ್ಕೆ ಅರಗಿನ ಮುದ್ರೆ ಬಿತ್ತು. ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಿದರು. ಹೊರಗೆ ಕಾಲುವೆಯಂಚಿಗೆ ನೆಲ್ಲಿನ ಪೈರು ಹಳದಿ ತಿರುಗಿ ನಿಂತಿತ್ತು.

"ಮೇಡಂ, ಅನ್ನ ಉಂಡ್ರ ಶುಗರ್ ಇಳಿತೈತಿ ಅನ್ನೋದು ಹೆಂಗೈತಿ ಅಂದ್ರ," ಅಮರಗುಂಡಪ್ಪ ಜೀಪು ಹತ್ತುತ್ತ ಅಂದ, "ಕೆನಾಲಿಗೆ ಬಿದ್ರ ಮೈ ಒಣಗ್ತೈತಿ ಅಂದಂಗೈತ್ರೀ."

ವಸೀಮಾ ನಗಲಿಲ್ಲ. "ಮೆಂತ್ಯದ ನೀರಿನ್ಯಾಗ ಕುದಿಸಿ ಮಾಡ್ತಾರ. ಗುಣ ಇರಬೌದು," ಎಂದಳು. ಅಂದ ಮೇಲೆ, ಆರೋಪಿಯ ಪರವಾಗಿ ತಾನೇಕೆ ಮಾತಾಡಿದೆನೆಂದು ಅವಳಿಗೇ ತಿಳಿಯಲಿಲ್ಲ.

ಮೂರನೆಯ ದಿನ ಕಸ್ತೂರೆಮ್ಮನಿಗೆ ಎಚ್ಚರ ಬಂತು. ಬಲಗಾಲಿನ ಹುಣ್ಣು ಕಪ್ಪಾಗಿತ್ತು. ಬೆರಳು ಉಳಿಯುವುದು ಕಷ್ಟವೆಂದು ವೈದ್ಯರು ಮೊದಲೇ ಹೇಳಿದ್ದರು. ವಸೀಮಾ ಮಂಚದ ಬದಿಗೆ ಕುಳಿತು ಹೇಳಿಕೆ ಪಡೆದಳು.

"ಗುಳಿಗಿ ಬಿಡು ಅಂತ ಯಾರಂದ್ರು, ಯವ್ವಾ?"

"ಯಾರೂ ಅನ್ನಲಿಲ್ಲವ್ವಾ."

"ಮತ್ತ?"

"ಚೀಲದ ಮ್ಯಾಲ ಬರದೈತಲ್ಲ. ನಿಶ್ಚಿಂತಿ ಅಂದ ಮ್ಯಾಲ ಗುಳಿಗಿ ಯಾಕ? ಗುಳಿಗಿ ನುಂಗಾಕಿಗೆ ನಿಶ್ಚಿಂತಿ ಎಲ್ಲಿರ್ತೈತಿ?" ಮುದುಕಿ ತುಟಿ ಸವರಿಕೊಂಡಳು. "ಐದ್ ವರ್ಷ ಆತು. ಗದ್ದಿ ತುಂಬ ನೆಲ್ಲು, ನನ್ನ ಗಂಗಾಳದಾಗ ಒಣ ರೊಟ್ಟಿ. ಸೊಸೆಂದ್ರು ಅನ್ನ ಉಣ್ಣೋವಾಗ ಎದ್ದು ಹಿತ್ತಲಿಗೆ ಹೋಗ್ತಿದ್ದೆ. ಈ ಅಕ್ಕಿ ಬಂದ ಮ್ಯಾಲ ಎಲ್ಲರ ಸಾಲಿನ್ಯಾಗ ಕುಂತೆ ನೋಡು."

ಎರಡು ವಾರ ಕಳೆದು ಪ್ರಯೋಗಾಲಯದ ವರದಿ ಬಂತು. ವಿಷವಿಲ್ಲ, ಕಲಬೆರಕೆಯಿಲ್ಲ. ಸಾಧಾರಣ ಸೋನಾ ಅಕ್ಕಿ, ತುಸು ಮೆಂತ್ಯ. ಅಮರಗುಂಡಪ್ಪ ವರದಿಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. "ಅಕ್ಕಿ ಅಕ್ಕೀನೇ ಐತಿ ಅಂತ ಬರದಾರ್ರೀ. ಇದಕ್ಕ ಎರಡು ವಾರ ಬೇಕಿತ್ತೇನು?"

ಮಿಲ್ಲು ಊರ ಹೊರಗೆ, ಗಂಗಾವತಿ ರಸ್ತೆಯಲ್ಲಿತ್ತು. ಮಾಲೀಕ ವೀರೇಂದ್ರ ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಚಹಾ ತರಿಸಿದ.

"ವೈಜ್ಞಾನಿಕವಾಗಿ ಸಾಬೀತು ಅಂತ ಬರಸೀರಿ. ಯಾರು ಸಾಬೀತು ಮಾಡಿದ್ರು?"

"ನನಗ ಮಿಲ್ ಗೊತ್ತೈತ್ರೀ. ಸೈನ್ಸು ನಮ್ಮ ಮನಿಯಾಕಿಗೆ ಗೊತ್ತು. ಬಿ.ಎಸ್ಸಿ. ಓದ್ಯಾಳ. ಶಿವಗಂಗಾ, ಇಲ್ಲಿ ಬಾ."

ಶಿವಗಂಗಾ ಬಂದು ಗಂಡನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ನಲವತ್ತೈದರ ಆಸುಪಾಸಿನ, ಶಾಂತ ಮುಖದ ಹೆಂಗಸು. ಹೋದ ವರ್ಷ ಮಸ್ಕಿಯಲ್ಲಿ ಶುಗರ್ ಇದ್ದ ನಲವತ್ತು ಹೆಂಗಸರನ್ನು ಒಟ್ಟುಮಾಡಿ ಒಂದು ತಿಂಗಳು ಈ ಅಕ್ಕಿ ಕೊಟ್ಟೆವು, ಮೊದಲೊಮ್ಮೆ, ಕೊನೆಗೊಮ್ಮೆ ಲಿಂಗಸುಗೂರಿನ ಲ್ಯಾಬಿನವರು ರಕ್ತ ತೆಗೆದರು, ನಲವತ್ತೂ ಜನರಿಗೆ ಇಳಿದಿತ್ತು ಎಂದು ಬಿಡಿಸಿ ಹೇಳಿದಳು. ಅವರ ಹೆಸರಿನ ಪಟ್ಟಿಯನ್ನೂ ಮುಂದಿಟ್ಟಳು. ಮಾತಿನಲ್ಲಿ ತಡವರಿಕೆಯಿರಲಿಲ್ಲ.

ಲಿಂಗಸುಗೂರಿನ ಲ್ಯಾಬಿನ ಮಂಜೂರ್ ಅದನ್ನೇ ಹೇಳಿದ. "ರಕ್ತ ನಾನೇ ತಗದೀನ್ರೀ. ನಂಬರ್‌ನಾಗ ಸುಳ್ಳಿಲ್ಲ. ಇಳದದ್ದು ಖರೇ."

"ಹೆಂಗ ಇಳೀತು?"

"ರಕ್ತ ತಗಿಯೋದು ನನ್ ಕೆಲಸ್ರೀ. ಏನುಂಡ್ರಿ ಅಂತ ಕೇಳೋದಲ್ಲ."

ಹೊರಗೆ ಬಂದಾಗ ವಸೀಮಾಳ ಎದೆ ಹಗುರಾಗಿತ್ತು. ಅಕ್ಕಿ ಕೆಲಸ ಮಾಡುತ್ತದೆ. ಕಸ್ತೂರೆಮ್ಮನದು ಬೇರೇನೋ ಇರಬೇಕು. ತನ್ನ ಅಂಗಾಲು ಬೂಟಿನಿಂದಲೇ ಉರಿಯುತ್ತದೆ. ಮರುಗಳಿಗೆಗೆ ಮುದುಕಿಯ ಕಪ್ಪಾದ ಬೆರಳು ಕಣ್ಣಿಗೆ ಬಂದು, ಹಗುರಾದದ್ದಕ್ಕೆ ನಾಚಿಕೆಯಾಯಿತು.

"ಮೇಡಂ, ಅಕ್ಕಿ ಖರೇ, ರಕ್ತ ಖರೇ, ಮಾತೂ ಖರೇ," ಅಮರಗುಂಡಪ್ಪ ತಲೆ ಕೆರೆದುಕೊಂಡ. "ಹಂಗಾದ್ರ ಸುಳ್ಳು ಎಲ್ಲಿ ಕುಂತೈತ್ರೀ?"

"ಮಸ್ಕಿಗೆ ಹೋಗೋಣ. ಉಂಡವರನ್ನ ಕೇಳೋಣ."

ಮಸ್ಕಿಯಲ್ಲಿ ಸಂತೆಯ ದಿನ. ಜೀಪು ಓಣಿಯೊಳಗೆ ಹೋಗಲಿಲ್ಲ; ನಡೆದೇ ಹೋದರು. ನಲವತ್ತರಲ್ಲಿ ಒಬ್ಬಳಾದ ಗದ್ದೆಮ್ಮ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಪಕ್ಕದ ಮನೆಯ ಪೀರ್‌ಬೀ ಅವಳೊಂದಿಗೆ ಸುಲಿಯುತ್ತ, ಸುಲಿದದ್ದರಲ್ಲಿ ಅರ್ಧ ಬಾಯಿಗೆ ಹಾಕಿಕೊಳ್ಳುತ್ತ ಕುಳಿತಿದ್ದಳು.

"ಉಂಡೀನ್ರೀ, ಇಳದೈತ್ರೀ," ಅಂದಳು ಗದ್ದೆಮ್ಮ. "ಸುಳ್ಳ್ಯಾಕ ಹೇಳ್ಲಿ? ಮಠದಾಗ ಪುರಾಣ ಹಚ್ಚಿದ್ರು. ಕೇಳಾಕ ಹೋದವರಿಗೆ ಅಲ್ಲೇ ರಕ್ತ ತಗೊಂಡು, ಅಕ್ಕಿ ಕೊಟ್ಟು ಕಳಿಸಿದ್ರು."

"ದಿನಕ್ಕ ಎಷ್ಟ್ ಸಲ ಉಣ್ತಿದ್ರಿ?"

"ಒಂದ ಸಲ."

"ರಾತ್ರಿ?"

ಗದ್ದೆಮ್ಮ ಶೇಂಗಾ ಬಿಟ್ಟು ಅವಳ ಮುಖ ನೋಡಿದಳು. "ರಾತ್ರಿ ಹೆಂಗ ಉಣ್ಣಾದ್ರೀ? ಪುರಾಣ ಅಂದ್ರ ಶ್ರಾವಣ ಅಲ್ಲೇನು! ತಿಂಗಳೂರ್ತಿ ಒಂದೊಪ್ಪತ್ತು. ಸಂಜಿಕೆ ಒಂದ್ ಲೋಟ ಹಾಲು."

"ಎಲ್ಲಾರೂ?"

"ಪುರಾಣಕ್ಕ ಬರೋರು ಎಲ್ಲಾರೂ ಹಂಗೇ."

ವಸೀಮಾ ಅಮರಗುಂಡಪ್ಪನ ಕಡೆ ತಿರುಗಿದಳು. ಅವನು ಹಣೆಯ ವಿಭೂತಿ ಮುಟ್ಟಿಕೊಂಡು ನಿಂತಿದ್ದ. "ನಮ್ಮ ಮನ್ಯಾಗೂ ಮಾಡ್ತಾರ್ರೀ ಮೇಡಂ," ಎಂದ ಮೆಲ್ಲಗೆ. "ನಾನೂ ಮಾಡ್ತೀನಿ. ಅದನ್ನ ಉಪಾಸ ಅಂತ ಯಾರು ಲೆಕ್ಕಕ್ಕ ಹಿಡೀತಾರ್ರೀ? ವರ್ಷಾ ಇದ್ದದ್ದ."

"ನಾ ಎಲ್ಡೂ ಹೊತ್ತು ಉಂಡೆ," ಅಂದಳು ಪೀರ್‌ಬೀ ಬಾಯಲ್ಲಿ ಶೇಂಗಾ ಇಟ್ಟುಕೊಂಡೇ.

"ನೀವೂ ಪುರಾಣಕ್ಕ ಹೋಗ್ತಿದ್ರಾ?"

"ಈಕಿ ಹೋದ್ಮ್ಯಾಲ ಓಣ್ಯಾಗ ನಾ ಒಬ್ಬಾಕಿ ಏನ್ ಮಾಡ್ಲಿ? ಕತಿ ಚೊಲೊ ಇರ್ತಾವ. ನನಗೂ ಅಕ್ಕಿ ಕೊಟ್ರು. ಕಡೀಗೆ ರಕ್ತ ನೋಡಿದ್ರ ನಂದು ಸರ್ರಂತ ಏರಿತ್ತು! ಆ ಮಿಲ್ಲಿನ ಅಕ್ಕಾರು ಬಂದು ಬಾಜೂಕ ಕರದು ಕೇಳಿದ್ರು, ನೀ ಉಪಾಸ ಇರಲ್ಲೇನು ಅಂತ. ಇರ್ತೀನಿ, ರಂಜಾನ್ ಬರ್ಲಿ ಅಂದೆ. ಅಕ್ಕಾರು ಸುಮ್ನಾಗಿಬಿಟ್ರು. ಆಮ್ಯಾಲ, ನಿಂದು ಲೆಕ್ಕಕ್ಕ ಹಿಡಿಯಂಗಿಲ್ಲ, ಯಾರ ಮುಂದೂ ಹೇಳಬ್ಯಾಡ ಅಂದ್ರು."

"ಹೇಳಲಿಲ್ಲೇನು?"

"ಊರ ಮಂದಿಗೆಲ್ಲಾ ಹೇಳ್ಯಾಳ," ಅಂದಳು ಗದ್ದೆಮ್ಮ. "ಈಕಿ ಬಾಯಾಗ ಶೇಂಗಾ ನಿಂದರಲ್ಲ, ಮಾತು ನಿಂದರ್ತಾವೇನ್ರೀ?"

ಇಬ್ಬರೂ ನಕ್ಕರು. ರಂಜಾನ್ ಎಂಬ ಮಾತು ಮಾತ್ರ ವಸೀಮಾಳ ಕಿವಿಯಲ್ಲಿ ನಿಂತುಬಿಟ್ಟಿತು. ಆ ತಿಂಗಳು ಬೆಳಗಿನ ಜಾವ ನಾಲ್ಕು ತುತ್ತು. ಸಂಜೆ ಉಪವಾಸ ಬಿಡುವ ಹೊತ್ತಿಗೆ ಬಂದೋಬಸ್ತು, ಎರಡು ಖರ್ಜೂರ, ನೀರು. ಅವಳ ರಕ್ತದಲ್ಲಿ ಇಳಿದದ್ದು ಯಾವುದರಿಂದ? ಓಣಿಯ ಬಿಸಿಲಿನಲ್ಲಿ ಅಂಗಾಲು ಉರಿಯತೊಡಗಿತು. ಪೀರ್‌ಬೀಯ ಹೇಳಿಕೆ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿದಳು. ಪೀರ್‌ಬೀಯ ಹಾಗೆಯೇ ಎರಡು ಹೊತ್ತು ಉಂಡು ಶುಗರ್ ಏರಿಸಿಕೊಂಡವರು ಆ ಓಣಿಯಲ್ಲೇ ಇನ್ನೂ ಇಬ್ಬರು ಸಿಕ್ಕರು. ನಲವತ್ತರ ಪಟ್ಟಿಯಲ್ಲಿ ಅವರ ಹೆಸರೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಶಿವಗಂಗಾಳನ್ನು ಠಾಣೆಗೆ ಕರೆಸಲಾಯಿತು. ಮಹಿಳಾ ಕಾನ್‌ಸ್ಟೆಬಲ್ ಒಬ್ಬಳು ಬಾಗಿಲ ಬಳಿ ನಿಂತಳು.

"ಶ್ರಾವಣದಾಗ ಯಾಕ ಮಾಡಿದ್ರಿ?"

"ಮಂದಿ ತಪ್ಪದ ಬರ್ತಾರ ಅಂತ."

"ಒಂದೊಪ್ಪತ್ತು ಇರ್ತಾರ ಅಂತ ಗೊತ್ತಿರಲಿಲ್ಲೇನು?"

"ನಾನೂ ಇರ್ತೀನಲ್ರೀ. ಅದಕ್ಕ ಕಾಣಲಿಲ್ಲ."

"ಯಾವಾಗ ಕಂಡಿತು?"

"ಪೀರ್‌ಬೀದು ಏರಿದಾಗ."

"ಆಗ ಯಾಕ ಹೇಳಲಿಲ್ಲ?"

ಶಿವಗಂಗಾ ತನ್ನ ಕೈಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸಿದಳು. ಹೊರಗೆ ನೆಲ್ಲಿನ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

"ಲಗ್ನ ಆಗಿ ಬಂದಾಗಿಂದ ಮಿಲ್ಲಿನ ಆಫೀಸಿಗೆ ಚಾ ತಗೊಂಡು ಹೋಗ್ತಿದ್ದೆ. ನಾ ಒಳಗ ಹೋದ್ರ ಮಾತು ನಿಲ್ತಿದ್ವು. ಚಾ ಇಟ್ಟು ಹೊರಗ ಬಂದ್ರ ಮತ್ತ ಶುರು. ಮೆಂತ್ಯದ ಮಾತು ಹೇಳಿದಾಗ ಎಲ್ಲಾರೂ ನಕ್ರು. ನಗ್ಲಿ ಅಂತ ನಾನೇ ಓಡ್ಯಾಡಿ ಮಾಡಿದೆ. ಮೊದಲ ನಂಬರ್ ಬಂದ ದಿನ ನಮ್ಮ ಮಾವನಾರು ಎದ್ದು ನನಗ ಕುರ್ಚಿ ಸರಿಸಿ ಕೊಟ್ರು. ಕೂಡು, ತಿಳಿಸಿ ಹೇಳು ಅಂದ್ರು." ಅವಳ ದನಿ ಸಣ್ಣದಾಯಿತು. "ಆಮ್ಯಾಲ ಪೀರ್‌ಬೀದು ಬಂತು. ಆ ಕುರ್ಚಿ ಬಿಟ್ಟು ಏಳಾಕ ಆಗಲಿಲ್ಲರೀ."

"ಕಸ್ತೂರೆಮ್ಮನ ಬೆರಳು ತಗದಾರ. ಗೊತ್ತೇನು?"

"ಗೊತ್ತಾತ್ರೀ." ಅವಳು ತಲೆ ಎತ್ತಲಿಲ್ಲ. "ಗುಳಿಗಿ ಬಿಡ್ತಾರ ಅಂತ ನನಗ ಹೊಳೀಲಿಲ್ಲ. ನಾ ಗುಳಿಗಿ ಬಿಡ್ರಿ ಅಂತ ಬರೆದಿಲ್ಲ."

"ನಿಶ್ಚಿಂತಿ ಅಂತ ಬರದೀರಿ."

ಶಿವಗಂಗಾ ಬೇರೆಯೇ ಪ್ರಶ್ನೆ ಕೇಳಿದಳು. ಆರೋಪಿ ಕೇಳುವ ಪ್ರಶ್ನೆಯಂತಿರಲಿಲ್ಲ ಅದು. ಪರೀಕ್ಷೆಯ ಫಲಿತಾಂಶ ಕೇಳುವ ಹುಡುಗಿಯ ದನಿಯಿತ್ತು.

"ಮೇಡಂ, ಇಷ್ಟು ಮಂದೀನ್ನ ಕೇಳೀರಿ. ಉಪಾಸ ಇಲ್ಲದ, ಬರೇ ಈ ಅಕ್ಕಿ ಉಂಡು ಇಳದದ್ದು ಯಾರಿಗರ ಐತೇನ್ರೀ? ಒಬ್ಬರಿಗರ?"

ವಸೀಮಾ ಮೇಜಿನ ಆಚೆ, ತನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಆ ಕುರ್ಚಿಯ ಕೈಗಳ ಬಣ್ಣ ಅವಳದೇ ಮೊಣಕೈ ತಾಗಿ ಮಾಸಿತ್ತು.

"ಇಲ್ಲ," ಅಂದಳು.

ಹೆಂಗಸನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಸಂಜೆ ನಾಲ್ಕೂವರೆಗೆ ದಸ್ತಗಿರಿ ಪತ್ರಕ್ಕೆ ಸಹಿಯಾಯಿತು. ಎರಡನೆಯ ಆರೋಪಿ ವೀರೇಂದ್ರನಿಗೆ ನೋಟಿಸು ಹೋಯಿತು. ಗೋದಾಮಿನ ಚೀಲಗಳಿಗೆ ಮುದ್ರೆ ಬಿತ್ತು. ಅಮರಗುಂಡಪ್ಪ ಶಿವಗಂಗಾಳನ್ನು ಜೀಪಿಗೆ ಹತ್ತಿಸುವ ಮೊದಲು, ಯಾಕೋ, ಕೂರುವ ಸೀಟನ್ನು ತನ್ನ ಟವೆಲ್ಲಿನಿಂದ ಒರೆಸಿದ.

ಮರುದಿನ ಬೆಳಿಗ್ಗೆ ವಸೀಮಾ ಮತ್ತೆ ಅನ್ನ ಬಸಿದಳು. ಅದೇ ಅಕ್ಕಿ, ಅದೇ ಮೆಂತ್ಯದ ವಾಸನೆ. ಮಂಜೂರನ ಹೇಳಿಕೆಗೆ ಸಹಿ ಮಾಡಿಸಲು ಲಿಂಗಸುಗೂರಿಗೆ ಹೋಗಬೇಕಿತ್ತು. ಲ್ಯಾಬಿನ ಎದುರಿಗೆ ಚಹದಂಗಡಿಯಿದೆ. ಅಮರಗುಂಡಪ್ಪ ಅದನ್ನು ಕಂಡರೆ ಕಾಲು ಗಂಟೆ ಹೊರಗೇ ಉಳಿಯುತ್ತಾನೆ. ತೋಳಿನ ಗುಂಡಿ ಬಿಚ್ಚಿ, ಮಡಚಿ, ರಕ್ತ ಕೊಡಲು ಅಷ್ಟು ಹೊತ್ತು ಸಾಕು. ಬರಿ ಹೊಟ್ಟೆಯಲ್ಲಲ್ಲ, ಹಬ್ಬ ಉಪವಾಸಗಳ ಲೆಕ್ಕದಲ್ಲಲ್ಲ. ಹೊಟ್ಟೆ ತುಂಬ ಉಂಡು. ಬಂದ ನಂಬರಿನ ಚೀಟಿಯನ್ನು ಮಡಚಿ ಜೇಬಿಗಿಡದೆ ಅಲ್ಲೇ ನಿಂತು ಓದಬೇಕು. ಮದರಂಗಿ ಡಬ್ಬಿಯ ಮಾತು ಆಮೇಲೆ.

ತಟ್ಟೆಗೆ ಅನ್ನ ಬಡಿಸಿಕೊಂಡು ನೆಲದ ಮೇಲೆ ಕುಳಿತಳು. ಸಾರು ಹಾಕಿಕೊಂಡಳು, ಮತ್ತೊಂದು ಸೌಟು ಅನ್ನ ಹಾಕಿಕೊಂಡಳು.

ಬಾಗಿಲಲ್ಲಿ ನಿಂತ ಮಕ್ತುಂಬೀ ಬೆರಗಿನಿಂದ ನೋಡಿದಳು. "ಏನವ್ವಾ, ದಿನಾ ನಿಂತ್ಕೊಂಡೇ ಎಲ್ಡ್ ತುತ್ತು ನುಂಗಿ ಓಡಾಕಿ, ಇವತ್ತು ಕುಂತು ಉಣ್ಣಾಕತ್ತೀಯಲ್ಲ?"

"ಹಸಿವಾಗೈತಿ ಅಮ್ಮಾ," ಅಂದಳು ವಸೀಮಾ.